ತುಂಬದ ಮಾತು ಡಚ್ಚಿಗೆ ಹೋದ ಬಗೆ

ಪ್ರೀತಿಯ ಮಾಷ್ಟ್ರೇ,

ನೀವು ಹೋದ ಮೇಲೆ ನನ್ನ ವ್ಯಾಕರಣ ತಿದ್ದುವವರಿಲ್ಲ. ಅದೇ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ತುಂಬ ಎಂಬ ಆ ಮೀನುಗಾರರ ಊರಿನ ಮರಳಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತ ಹೇಳಿದ್ದಿರಿ, ನೆನಪಿದೆಯೇ? “ಮೀನು ಹಿಡಿಯುವವ ಗಂಡಸು ಮಾರಾಯ, ಮನೆ ಹಿಡಿದಿರುವವಳು ಹೆಂಗಸು. ಅವಳನ್ನು ಕೇಳು.” ಹಾಗೆ ಕೇಳಿ ಕೇಳಿ ನೀವು ಬರೆದ ಅಧ್ಯಾಯವನ್ನು ನಮ್ಮ ತಿರುವನಂತಪುರದ ಕಚೇರಿಯ ಡೈರೆಕ್ಟರು “ಹೆಂಗಸರ ಹರಟೆ” ಎಂದು ಮೀನುಗಾರರ ಕುರಿತ ವರದಿಯಿಂದ ಕಿತ್ತಿಟ್ಟರು. ಉಳಿದ ಆಸೆ ಒಂದೇ: ವರದಿ ಪರಿಶೀಲಿಸಲು ಹಾಲೆಂಡಿನಿಂದ ಬರಲಿದ್ದ ಸಮಾಜಶಾಸ್ತ್ರದ ಪ್ರೊಫೆಸರು. ಅವರಿಗೋ, ಇಂಗ್ಲಿಷ್ ಕಣ್ಣಿಗೆ ತಿಳಿಯುತ್ತದೆ, ಕಿವಿಗೆ ಇಲ್ಲ! ಇಂಗ್ಲಿಷಿನಿಂದ ಡಚ್ಚಿಗೆ ದುಭಾಷಿ ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಹಿಂದೆ ಡಚ್ಚರಿದ್ದ ಕೊಚ್ಚಿಗೆ ಹೋಗಿ, ಡಚ್ ಹೆಸರಿನ ಮನೆತನವೊಂದರ ಬಾಗಿಲು ತಟ್ಟಿದೆ. ಹೆಸರು ಡಚ್ಚಾದರೆ ನಾಲಿಗೆಯೂ ಡಚ್ಚಾಗಿರಬೇಕಲ್ಲ? ಯಜಮಾನರು ಕೇಕು ಕೊಟ್ಟು, ಮಗನನ್ನು ಕರೆದಂತೆ ಕರೆದು ನಕ್ಕರು: “ಮೋನೇ, ನಮ್ಮಜ್ಜನ ಅಜ್ಜನಿಗೆ ಬರುತ್ತಿತ್ತೇನೋ!” ರಾಜ್ಯದ ಗಡಿ ಸರಿದು, ಮನೆ ಬದಲಿಸದೆಯೇ ಕೇರಳಕ್ಕೆ ಬಂದುಬಿಟ್ಟ ಕಾಸರಗೋಡಿನವನಿಗೆ, ಹೆಸರೇ ಬೇರೆ ನಾಲಿಗೆಯೇ ಬೇರೆ ಎಂದು ಇಷ್ಟೂ ಹೊಳೆಯಬಾರದೇ... ನೀವಿದ್ದಿದ್ದರೆ...

ಅವರೇ ದಾರಿ ತೋರಿಸಿದರು. ಮಟ್ಟಾಂಚೇರಿಯಲ್ಲಿ, ಒಳ್ಳೆಮೆಣಸಿನ ಗೋದಾಮಿನ ಹಿಂದೆ, ರೋಸಿ ಚೇಡತ್ತಿ, ಕೇರಿಗೆಲ್ಲ ಹಿರಿಯಕ್ಕ. ಜಾವಾದ ಡಚ್ ಆಸ್ಪತ್ರೆಯಲ್ಲಿ ಬಹುಕಾಲ ನರ್ಸ್ ಆಗಿದ್ದವರು. “ಬರುತ್ತೇನೆ. ಆದರೆ ಕೇಳಿದ್ದನ್ನೆಲ್ಲ ಹೇಳುವವಳು ನಾನು. ರೋಗಿಯ ನರಳಾಟದಲ್ಲಿ ಅರ್ಧ ಬಿಟ್ಟು ಡಾಕ್ಟರಿಗೆ ಹೇಳಲಾಗುತ್ತದೆಯೇ?”

ತುಂಬದಲ್ಲಿ ಮೀನು ಮಾರುವ ತ್ರೇಸ್ಯಾ ಚೇಚಿ ಪ್ರೊಫೆಸರ ಮುಂದೆ ನಿಂತರು: “ಗಂಡ ತರುವುದು ಮೀನು. ಅದನ್ನು ಅನ್ನ ಮಾಡುವವಳು ನಾನು. ಬುಟ್ಟಿ ಹೊತ್ತು ಎಷ್ಟು ದೂರ ನಡೆಯುತ್ತೀ ಎಂದು ಕೇಳಿದ್ದು ಆ ಕನ್ನಡ ಸಾರ್ ಒಬ್ಬರೇ.” ಡೈರೆಕ್ಟರು ಅದನ್ನು ಇಂಗ್ಲಿಷಿಗೆ ಇಳಿಸಿದರು: “ಗಂಡನ ದುಡಿಮೆಯಲ್ಲಿ ಸುಖವಾಗಿದ್ದಾಳಂತೆ.”

ಚೇಡತ್ತಿ ಅಷ್ಟನ್ನೂ ಡಚ್ಚಿನಲ್ಲಿ ಹೇಳಿದರು. ಆದರೆ ನಿಲ್ಲಲಿಲ್ಲ! ತಲೆಯ ಮೇಲೆ ಬುಟ್ಟಿ ಹೊತ್ತಂತೆ ತೋರಿಸುತ್ತ ಮುಂದುವರಿದರು.

“ಏನದು ಇಷ್ಟುದ್ದ?” ಎಂದರು ಡೈರೆಕ್ಟರು.

“ನಿಮ್ಮ ಇಂಗ್ಲಿಷ್ ಮುಗಿಯಿತು, ಸಾರ್. ಇದು ಅವಳ ಮಲಯಾಳ.”

ಮಟ್ಟಾಂಚೇರಿಯವರಿಗೆ ಮಲಯಾಳ ಬರುತ್ತದೆಂದು ಮಹಾಶಯರಿಗೆ ಹೊಳೆದೇ ಇರಲಿಲ್ಲ. ದುಭಾಷಿಗೆ ಎರಡೇ ಭಾಷೆ ಎಂದುಕೊಂಡಿದ್ದರೋ ಏನೋ.

“ಆ ಸಾರ್ ಬರೆದದ್ದು ಎಲ್ಲಿದೆ?” ಎಂದರು ಪ್ರೊಫೆಸರು. ಎಲ್ಲಿರುತ್ತದೆ? ನನ್ನ ಚೀಲದಲ್ಲಿ!

ಗೆದ್ದಿರಿ ಮಾಷ್ಟ್ರೇ! ನಿಮ್ಮದೀಗ ವರದಿಯ ಮೊದಲ ಅಧ್ಯಾಯ, ನಿಮ್ಮ ಹೆಸರಿನಲ್ಲೇ. ತ್ರೇಸ್ಯಾ ಚೇಚಿ ಮಾತ್ರ, “ಸಾರ್ ಯಾಕೆ ಬರಲಿಲ್ಲ?” ಎಂದು ಕೇಳಿದರು. “ಇನ್ನೊಮ್ಮೆ ಬಂದು ಹೇಳುತ್ತೇನೆ” ಎಂದೆ. ಅಚ್ಚಾದ ದಿನ ಆ ಪುಟ ಬಿಡಿಸಿ, ಅವರ ಮಾತನ್ನು ಅವರಿಗೇ ಓದಿ, ಆಮೇಲೆ ನೀವು ಇನ್ನಿಲ್ಲವೆಂದು ಹೇಳುತ್ತೇನೆ. ಚಪ್ಪಲಿ ಕೈಯಲ್ಲಿ ಹಿಡಿದೇ ಹೋಗುತ್ತೇನೆ.

ನಿಮ್ಮ ಶಿಷ್ಯ,
ಶಂಕರ