ಕಾಲಿಗೂ ಹೊಟ್ಟೆಗೂ ಏನು ನಂಟು?

ಸಲೂನಿನ ಮೇಲಿನ ಮನೆ
ಜೂನ್ ೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಮಗಳು ಹೇಗಿದ್ದಾಳೆ? ಮೊಮ್ಮಗಳು ನಿಮ್ಮನ್ನೆಲ್ಲ ನಿದ್ದೆ ಮಾಡಲು ಬಿಡುತ್ತಾಳೋ, ಇಲ್ಲ ಅವಳಮ್ಮನ ಹಾಗೆ ಹಗಲು ರಾತ್ರಿ ಅದಲುಬದಲೋ? ನಿನ್ನ ಸೊಂಟನೋವು ಹೇಗಿದೆ? ಬಾಣಂತನ ಮಾಡಲು ಹೋದವಳು ನೀನೇ ಮಲಗಿಬಿಡಬೇಡ. ನಿನಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ಫೋನಿನಲ್ಲಿ ನೀನು "ಏನ್ರೀ, ದನಿ ಯಾಕೆ ಹೀಗಿದೆ?" ಎಂದರೆ ಸಾಕು, ನನ್ನ ನಾಲಿಗೆಯೇ ಹೊರಳುವುದಿಲ್ಲ.

ಕಾಲು ಉಳುಕಿದೆ ಎಂದಿದ್ದೆನಲ್ಲ, ಅದು ಸುಳ್ಳು. ನೀನು ಹೊರಟ ವಾರಕ್ಕೇ ಎಡಗಾಲಿನ ಮೀನಖಂಡ ಊದಿ, ಬಿಸಿಯಾಗಿ, ಪ್ಯಾಂಟು ಏರದಂತಾಯಿತು. ಇಡೀ ದಿನ ನಿಂತು ಕತ್ತರಿ ಆಡಿಸುವವನಿಗೆ ಕಾಲುನೋವು ಹೊಸದೇ ಎಂದು ಸುಮ್ಮನಿದ್ದೆ. ಗಿರಾಕಿಗಳು ಬಿಡಬೇಕಲ್ಲ! ಮುಖಕ್ಕೆ ಸೋಪು ಹಚ್ಚಿಸಿಕೊಂಡೇ ಒಬ್ಬೊಬ್ಬರೂ ವೈದ್ಯರಾದರು. ಕೊನೆಗೆ ಪೋಸ್ಟ್‌ಮಾಸ್ಟರು ಅರ್ಧ ಬೋಳಿಸಿದ ಗಲ್ಲದಲ್ಲೇ ಎದ್ದು, "ಇದು ಉಳುಕಲ್ಲ ಕಣಯ್ಯ, ನಡಿ ಆಸ್ಪತ್ರೆಗೆ" ಎಂದು ಎಳೆದುಕೊಂಡು ಹೋದರು.

ಅಲ್ಲಿ ಸ್ಕ್ಯಾನ್ ಮಾಡಿ, ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಅದು ಕಿತ್ತುಕೊಂಡು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಸಂಚಕಾರವಂತೆ. ಮಾತ್ರೆ ಕೊಟ್ಟರು. ಇಲ್ಲಿಯವರೆಗೆ ನನಗೂ ಅರ್ಥವಾಯಿತು. ಆಮೇಲೆ ಡಾಕ್ಟರಮ್ಮ ಕಾಲು ಬಿಟ್ಟು ಬೇರೆಯದೇ ವಿಚಾರಣೆಗೆ ಇಳಿದರು. ದೂರ ಪ್ರಯಾಣ ಮಾಡಿದ್ರಾ? ಹಾಸಿಗೆ ಹಿಡಿದಿದ್ರಾ? ಆಪರೇಶನ್ ಆಗಿತ್ತಾ? ಎಲ್ಲಕ್ಕೂ ಇಲ್ಲ ಎಂದೆ. ಒಂದಕ್ಕಾದರೂ ಹೂಂ ಎನ್ನಬೇಕಿತ್ತೇನೋ, ಅವರ ಮುಖ ಬಿಗಿಯಾಗುತ್ತಾ ಹೋಯಿತು. "ತೂಕ ಇಳಿದಿದೆಯಾ?" ಎಂದರು. ಹೆಂಡತಿ ಊರಲ್ಲಿಲ್ಲ, ಇಳಿಯದೆ ಇರುತ್ತದೆಯೇ ಎಂದು ನಕ್ಕೆ. ಅವರು ನಗಲಿಲ್ಲ. ಮೂತ್ರ ಪರೀಕ್ಷೆಯಲ್ಲಿ ರಕ್ತದ ಅಂಶ ಕಂಡಿತೆಂದು ಹೊಟ್ಟೆಯ ಸ್ಕ್ಯಾನಿಗೆ ಚೀಟಿ ಬರೆದರು.

"ಕಾಲುನೋವು ಅಂತ ಬಂದ್ರೆ ಹೊಟ್ಟೆ ಯಾಕಮ್ಮಾ ನೋಡ್ತೀರ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು" ಎಂದೆ. ಆಕೆ ಕುರ್ಚಿ ಹತ್ತಿರ ಎಳೆದುಕೊಂಡು, "ಕಾರಣವೇ ಇಲ್ಲದೆ ಹೀಗೆ ಹೆಪ್ಪುಗಟ್ಟಿದ್ರೆ, ಕೆಲವರಲ್ಲಿ ಒಳಗೆಲ್ಲೋ ಗೊತ್ತಾಗದ ಹಾಗೆ ಕ್ಯಾನ್ಸರ್ ಇರುತ್ತೆ. ಹೆಚ್ಚಿನವರಿಗೆ ಇರಲ್ಲ. ಆದ್ರೆ ಮೂತ್ರದಲ್ಲಿ ರಕ್ತ ಕಂಡ ಮೇಲೆ ನೋಡದೆ ಬಿಡೋಕಾಗಲ್ಲ" ಎಂದರು. ಇರಲ್ಲ ಎನ್ನುತ್ತಾರೆ, ನೋಡಲೇಬೇಕು ಎನ್ನುತ್ತಾರೆ. ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ? ಚೀಟಿ ಜೇಬಿನಲ್ಲಿಟ್ಟುಕೊಂಡೇ ಒಂದು ವಾರ ಅಂಗಡಿ ತೆರೆದೆ. ಏನು ಕೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಬ್ಯಾಂಕಿನವರೊಬ್ಬರ ಮೀಸೆಯ ಒಂದು ತುದಿಯನ್ನೇ ಹಾರಿಸಿಬಿಟ್ಟೆ! ಪಾಪ, ಅವರು ಇನ್ನೊಂದು ತುದಿಯನ್ನೂ ತೆಗೆಸಿಕೊಂಡು ತೆಪ್ಪಗೆ ಹೋದರು. ಮರುದಿನವೇ ಹೋಗಿ ಸ್ಕ್ಯಾನ್ ಮಾಡಿಸಿದೆ.

ಕಾಲಿನ ಊತ ಈಗ ಇಳಿದಿದೆ, ಗಾಬರಿಯಾಗಬೇಡ. ಮಗಳಿಗೂ ಅಳಿಯನಿಗೂ ಆಶೀರ್ವಾದ. ಕೂಸಿನ ಎರಡೂ ಕೆನ್ನೆಗೆ ತಾತನ ಪರವಾಗಿ ನೀನೇ ಮುತ್ತು ಕೊಡು.

ನಿನ್ನ
"ರೀ"

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ರಿಪೋರ್ಟು ನಿನ್ನೆಯೇ ಬಂತು. ಬಲಗಡೆಯ ಮೂತ್ರಪಿಂಡದಲ್ಲಿ ಗಡ್ಡೆ ಇದೆ, ಕ್ಯಾನ್ಸರೇ ಇರಬೇಕು ಎನ್ನುತ್ತಾರೆ. ಬೇರೆಲ್ಲೂ ಹರಡಿದಂತೆ ಕಾಣುವುದಿಲ್ಲ, ತೆಗೆಯಬಹುದಂತೆ. ಕಾಲು ಊದದಿದ್ದರೆ ಇನ್ನೆಷ್ಟು ದಿನ ಗೊತ್ತೇ ಆಗುತ್ತಿರಲಿಲ್ಲವೋ. ಇದನ್ನು ಅದೃಷ್ಟ ಎನ್ನಲೋ ಏನೆನ್ನಲೋ, ನನಗೆ ತಿಳಿಯುತ್ತಿಲ್ಲ. ಇಪ್ಪತ್ತನೇ ತಾರೀಖು ದಾಖಲಾಗಬೇಕು. ನೀನು ಬರುವುದು ಬೇಡ ಎಂದು ಬರೆಯಲು ಕುಳಿತವನು ನಾನು. ಆಗುತ್ತಿಲ್ಲ. ಬಾ.