ಗಾಜಿನ ತಟ್ಟೆಯಲ್ಲಿ ಸತ್ತದ್ದು ಯಾರ ಕ್ಯಾನ್ಸರ್?

ಔಷಧದ ಪೊಟ್ಟಣಗಳ ಮೇಲಿನ ಬರಹಕ್ಕೆ ಮುದ್ರೆ ಒತ್ತುವ ಮಾನ್ಯರೇ,

ನೀವು ಒಪ್ಪಿಗೆ ಕೊಟ್ಟ ಒಂದು ಸಾಲನ್ನು ನಂಬಿ ನನ್ನ ಅಕ್ಕ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಬಾನ್‌ಝಿಲಿಯನ್ ಸೊಪ್ಪಿನ ಕಷಾಯದ ಪೊಟ್ಟಣದ ಮೇಲೆ ಕೆಂಪಕ್ಷರದಲ್ಲಿರುವ ಸಾಲು ಅದು: ‘ನಲವತ್ತೆಂಟು ಗಂಟೆಗಳಲ್ಲಿ ನೂರಕ್ಕೆ ತೊಂಬತ್ತು ಕ್ಯಾನ್ಸರ್ ಕೋಶಗಳ ನಾಶ, ಪ್ರಯೋಗದಿಂದ ಸಾಬೀತು.’ ಎಲ್ಲಿ ನಾಶವಾದವು, ಯಾರ ಹೊಟ್ಟೆಯಲ್ಲಿ ಎಂಬುದು ಮಾತ್ರ ಯಾವ ಬಣ್ಣದ ಅಕ್ಷರದಲ್ಲೂ ಇಲ್ಲ. ಜಾಗ ಸಾಲಲಿಲ್ಲವೇ? ಆ ಪ್ರಯೋಗ ಮಾಡಿಸಿದವರಾದರೂ ಯಾರು? ಪೊಟ್ಟಣ ಮಾರುವವರೇ ಅಲ್ಲ ತಾನೆ?

ನಾನು ಹೆಚ್ಚು ಓದಿದವಳಲ್ಲ. ಆದರೆ ಬೋಝೌ ಊರಿನ ಒಂದು ಗಿಡಮೂಲಿಕೆ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ಗಾಜಿನ ತಟ್ಟೆ ತೊಳೆದಿದ್ದೇನೆ. ಔಷಧ ಪರೀಕ್ಷಿಸಲು ಅಲ್ಲಿಯವರು ಕ್ಯಾನ್ಸರ್ ಕೋಶಗಳನ್ನು ಬೆಳೆಸುವುದು ಆ ತಟ್ಟೆಗಳಲ್ಲೇ. ಒಮ್ಮೆ ನಾನು ಸೋಪನ್ನು ಸರಿಯಾಗಿ ಜಾಲಿಸಿರಲಿಲ್ಲ; ಮರುದಿನ ನೋಡಿದರೆ ಔಷಧವನ್ನೇ ಹಾಕದ ತಟ್ಟೆಯಲ್ಲೂ ಕ್ಯಾನ್ಸರ್ ಕೋಶಗಳೆಲ್ಲ ಸತ್ತಿದ್ದವು. “ಫಾನ್ ಆಂಟಿ, ನಿಮ್ಮ ಸೋಪಿಗೇ ಒಂದು ಪ್ರಶಸ್ತಿ ಕೊಡಿಸೋಣ ಬಿಡಿ” ಎಂದು ಲ್ಯಾಬಿನ ಮೇಡಂ ರೇಗಿದರು. ಸೊಪ್ಪಿಗೆ ಗುಣವಿಲ್ಲವೆಂದು ನಾನು ಹೇಳುತ್ತಿಲ್ಲ, ಇರಲೂಬಹುದು. ಆದರೆ ತಟ್ಟೆಯಿಂದ ಮನುಷ್ಯರ ಹೊಟ್ಟೆಯವರೆಗಿನ ದಾರಿಯನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂದು ನೀವು ಕೇಳಿದಿರಾ? ಅಥವಾ ಮುದ್ರೆಯ ಶಾಯಿ ಒಣಗೀತೆಂಬ ಅವಸರವಿತ್ತೇ?

ಇನ್ನು ನಮ್ಮ ತಪ್ಪು. ನಮ್ಮಲ್ಲಿ ಇಂಥ ಕಾಯಿಲೆಯ ಸುದ್ದಿಯನ್ನು ವೈದ್ಯರು ಮೊದಲು ಮನೆಯವರ ಕಿವಿಗೆ ಹಾಕುತ್ತಾರೆ. ರೋಗಿಗೆ ಹೇಳುವುದೂ ಬಿಡುವುದೂ ಮನೆಯವರಿಗೆ ಸೇರಿದ್ದು. ನಾವು ಹೇಳಲಿಲ್ಲ. ಅಕ್ಕ ರುಯಿಶಿಯಾಗೆ ಹೊಟ್ಟೆಯ ಹುಣ್ಣು ಎಂದೆವು. ಕ್ಯಾನ್ಸರಿನ ಡ್ರಿಪ್ ಹಾಕಿಸುವಾಗಲೂ ಹುಣ್ಣಿನದೇ ಎಂದೆವು. ಅವಳ ಮಗಳು ಕಷಾಯದ ಪೊಟ್ಟಣ ತಂದಾಗಲೆಲ್ಲ ‘ಕ್ಯಾನ್ಸರ್’ ಎಂಬ ಪದದ ಮೇಲೆ ಬಿಳಿ ಚೀಟಿ ಅಂಟಿಸಿ ಕೊಡುತ್ತಿದ್ದಳು. ಅಕ್ಕ ಉಳಿದದ್ದನ್ನು ಓದಿದಳು. “ಹುಣ್ಣಿಗೆ ಇಷ್ಟು ಸಾಕಲ್ವೇನೇ? ವಾಂತಿ ಬರ್ಸೋ ಆ ಡ್ರಿಪ್ ಇನ್ಯಾಕೆ?” ಎಂದಳು. ನಿಜ ಹೇಳದೆ ಅದಕ್ಕೆ ಉತ್ತರ ಕೊಡುವಂತಿರಲಿಲ್ಲ. ಎರಡು ಸಲದ ಡ್ರಿಪ್ ತಪ್ಪಿತು.

ಕಳೆದ ಭಾನುವಾರ ತಡೆಯಲಾರದೆ ಚೀಟಿ ಕಿತ್ತು ಪೊಟ್ಟಣವನ್ನು ಅವಳ ಕೈಗಿಟ್ಟೆ. ಗಂಜಿ ಕುಡಿಯುತ್ತಿದ್ದವಳು ಬಟ್ಟಲು ಕೆಳಗಿಟ್ಟು ಎರಡು ಸಲ ಓದಿದಳು. ಅಳಲಿಲ್ಲ. ನನಗೇ ಅಳು ಬಂತು.

“ಅಕ್ಕಾ, ಇದೆಲ್ಲ ಗಾಜಿನ ತಟ್ಟೇಲಿ ಆಗಿದ್ದು, ಮನುಷ್ಯರಲ್ಲಿ ಅಲ್ಲ. ಡ್ರಿಪ್ಪಿಗೆ ಹೋಗೋಣ ಬಾ” ಎಂದೆ.

“ನಾಲ್ಕು ತಿಂಗಳಿಂದ ನೀನು, ನನ್ನ ಮಗಳು, ಆ ಡಾಕ್ಟ್ರು ಎಲ್ಲಾ ಸೇರಿ ಸುಳ್ಳು ಹೇಳಿದ್ರಿ. ನನ್ನ ಕಾಯಿಲೆ ಹೆಸರು ನಿಜ ಹೇಳಿದ್ದು ಈ ಪೊಟ್ಟಣ ಒಂದೇ. ಇನ್ಮೇಲೆ ನಾನು ಇದನ್ನೇ ನಂಬೋದು” ಎಂದಳು.

ಆದ್ದರಿಂದ ಮಾನ್ಯರೇ, ಅವಳಿಗೆ ನಿಜ ಹೇಳಬಲ್ಲವರು ಈಗ ನೀವೊಬ್ಬರೇ. ಮುಂದಿನ ಡ್ರಿಪ್ ಗುರುವಾರ. ಅಷ್ಟರೊಳಗೆ ಅದೇ ಪೊಟ್ಟಣದ ಮೇಲೆ, ಅಷ್ಟೇ ದಪ್ಪ ಕೆಂಪಕ್ಷರದಲ್ಲಿ ಬರೆಸಿ: ‘ಗಾಜಿನ ತಟ್ಟೆಯಲ್ಲಿ ಮಾತ್ರ ಪರೀಕ್ಷಿಸಿದ್ದು. ಆಸ್ಪತ್ರೆಯ ಚಿಕಿತ್ಸೆ ಬಿಡಬೇಡಿ.’ ನಾನು ಹೇಳಿದರೆ ಅವಳು ಕೇಳುವುದಿಲ್ಲ.

ಇಂತಿ,
ಅಕ್ಕನ ಕಣ್ಣಿನಲ್ಲಿ ಒಂದು ಪೊಟ್ಟಣಕ್ಕಿಂತ ಕಡೆಯಾದ ತಂಗಿ,
ಫಾನ್ ರುಯಿಲಿಯನ್