ಮೇಲ್ಮನವಿಯ ಜೊತೆ ಸೇರದ ಕಾಗದ

ಭಾನುವಾರ, ಜೂನ್ 9

ನನ್ನ ಗುಬ್ಬೀ,

ಫೋನಿನಲ್ಲಿ ಹೇಳೋಣ ಅಂತ ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿ ಚಿಕ್ಕಮ್ಮನ ಮನೆಯಲ್ಲಿ ಅವಳ ಎದುರಿಗೆ ಓದಬೇಡ.

ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಎರಡನೇ ವರ್ಷಕ್ಕೆ ಎರಡು ಸೀಟು ಖಾಲಿಯಾಗಿವೆ. ಬೇರೆ ಕಾಲೇಜಿನಿಂದ ವರ್ಗಾವಣೆ ಕೇಳುವವರು ಇಪ್ಪತ್ತನೇ ತಾರೀಖಿನೊಳಗೆ ಅರ್ಜಿ ಹಾಕಬೇಕು. ನೋಟಿಸು ಟೈಪ್ ಮಾಡಿದವಳು ನಾನೇ. ಹೋದ ವರ್ಷ ನಿನಗೆ ಸೀಟಿಲ್ಲ ಅನ್ನುವ ಪತ್ರ ಟೈಪ್ ಮಾಡಿದವಳೂ ನಾನೇ ಅಂತ ನಿನಗೆ ಗೊತ್ತು. ನಿನ್ನ ಹೆಸರಿನ ಸಾಲಿಗೆ ಬಂದಾಗ ಎರಡೆರಡು ಸಲ ತಪ್ಪಿ ಹೊಸ ಹಾಳೆ ಹಾಕಿದ್ದು ಗೊತ್ತಿಲ್ಲ.

ಗೊತ್ತಿಲ್ಲದ್ದು ಇನ್ನೂ ಇದೆ.

ಮೇಲ್ಮನವಿಯನ್ನು ನೀನು ಎಷ್ಟು ಚೆನ್ನಾಗಿ ಬರೆದಿದ್ದೆ! ಅಪ್ಪ ತೀರಿಕೊಂಡ ವಾರವೇ ಪರೀಕ್ಷೆ, ಎರಡು ಪತ್ರಿಕೆ ಬರೆಯಲಾಗಲಿಲ್ಲ, ಆಮೇಲೆ ಪೂರಕ ಪರೀಕ್ಷೆಯಲ್ಲಿ ಒಳ್ಳೇ ಅಂಕ ಬಂತು ಅಂತ. ಪ್ರಿನ್ಸಿಪಾಲರು ಎರಡು ಸಲ ಓದಿದರು. ನನ್ನನ್ನು ಒಳಗೆ ಕರೆದು, ಪೂರಕ ಪರೀಕ್ಷೆಯವರನ್ನು ತಗೊಳ್ಳೋಕೆ ಸಾವಿನ ಕಾರಣ ಬರೆದ ಆಸ್ಪತ್ರೆಯ ಕಾಗದ ಬೇಕಮ್ಮಾ, ಅದೊಂದು ತಂದುಕೊಡಿ, ಉಳಿದದ್ದು ನಾನು ನೋಡಿಕೊಳ್ತೀನಿ ಅಂದರು. ಕಳೆದುಹೋಗಿದೆ ಸರ್ ಅಂದೆ. ಇನ್ನೊಂದು ಪ್ರತಿ ತೆಗೆಸಿ ಅಂತ ಹೇಳಿ ಒಂದು ವಾರ ಕಾದರು. ನಾನು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಮೇಲ್ಮನವಿ ಬಿದ್ದುಹೋಯಿತು. ಕಾಲೇಜಿನವರಿಗೆ ಕರುಳೇ ಇಲ್ಲ ಅಂತ ನೀನು ಅತ್ತೆ. ನಾನು ಹೂಂ ಅಂದೆ.

ಕಾಗದ ಕಳೆದಿರಲಿಲ್ಲ. ನನ್ನ ಬೀರುವಿನಲ್ಲೇ ಇತ್ತು. ನಿನಗೆ ನಾನು ಹೇಳಿದ ಹೃದಯಾಘಾತ ಅದರಲ್ಲಿಲ್ಲ ಗುಬ್ಬಿ. ಅಪ್ಪ ತಾವಾಗಿಯೇ ಜೀವ ಕಳೆದುಕೊಂಡರು.

ಅವರು ಓಡಿಸುತ್ತಿದ್ದ ಬಸ್ಸಿನ ಚಕ್ರಕ್ಕೆ ಆ ಹೆಂಗಸು ಸಿಕ್ಕಿ ಸತ್ತ ದಿನದಿಂದ ಅವರು ಮೊದಲಿನವರಾಗಿರಲಿಲ್ಲ. ಡ್ರೈವರ್ ತಪ್ಪಿಲ್ಲ ಅಂತ ಕೋರ್ಟು ಬಿಟ್ಟುಬಿಟ್ಟಿತು, ಅವರ ಮನಸ್ಸು ಬಿಡಲಿಲ್ಲ. ಹಲ್ಲುಜ್ಜುತ್ತಾ ಅರ್ಧಕ್ಕೆ ನಿಂತು ಅಂಗೈ ನೋಡಿಕೊಳ್ಳುತ್ತಿದ್ದರು. ಡಾಕ್ಟರ ಹತ್ತಿರ ಹೋಗೋಣ ಅಂದರೆ ನನಗೇನಾಗಿದೆ ಅನ್ನುತ್ತಿದ್ದರು. ನಾನೂ ಒತ್ತಾಯ ಮಾಡಲಿಲ್ಲ.

ಅವರು ಸಾಯುವ ಹಿಂದಿನ ದಿನ ನೀನು ಅವರ ಮೇಲೆ ರೇಗಿದ್ದೆ, ಹೆಣದ ಹಾಗೆ ಯಾಕೆ ಕೂತಿರ್ತೀರಿ ಅಂತ. ಆ ಮಾತಿಗೂ ಸಾವಿಗೂ ನೀನು ಗಂಟು ಹಾಕಿಬಿಡುತ್ತೀಯ ಅಂತ ಹೆದರಿ ಮುಚ್ಚಿಟ್ಟೆ. ಎಲ್ಲಾ ನಿನಗೋಸ್ಕರ ಅಂದುಕೊಂಡೆ. ಅದು ಪೂರ್ತಿ ನಿಜ ಅಲ್ಲ. ಆಫೀಸಿನಲ್ಲಿ ಬೆನ್ನ ಹಿಂದೆ ಗುಸುಗುಸು ಆಗುತ್ತೆ ಅನ್ನುವ ಭಯವೂ ಇತ್ತು. ನನ್ನ ಮಾನ ಉಳಿಸಿಕೊಳ್ಳಲು ನಿನ್ನ ಸೀಟು ಕಳೆದೆ.

ವರ್ಗಾವಣೆಗೂ ಅದೇ ಕಾಗದ ಬೇಕು. ಇದರ ಜೊತೆ ಇಟ್ಟಿದ್ದೇನೆ. ಅರ್ಜಿ ಹಾಕುವುದೋ, ಅಲ್ಲೇ ಓದು ಮುಗಿಸುವುದೋ, ನೀನೇ ನೋಡು. ಹಾಕಿದರೆ ಟಪಾಲು ಬಿಚ್ಚುವವಳು ನಾನೇ. ಈ ಸಲ ಪ್ರಿನ್ಸಿಪಾಲರ ಮೇಜಿಗೆ ನನ್ನ ಕೈಯಾರೆ ಮುಟ್ಟಿಸುತ್ತೇನೆ. ಬೈಯಬೇಕು ಅನ್ನಿಸಿದರೆ ಬೈದು ಬರಿ. ಬರೆಯದೆ ಮಾತ್ರ ಇರಬೇಡ.

ನಿನ್ನ
ಅಮ್ಮ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಅಪ್ಪ ನಾಲ್ಕು ಸಾಲು ಬರೆದಿಟ್ಟು ಹೋಗಿದ್ದರು. ಅದರಲ್ಲಿ ನಿನ್ನ ಮೇಲೆ ಒಂದಿಷ್ಟೂ ಕೋಪ ಇಲ್ಲ. ಕೊನೆಯ ಸಾಲು ಮಾತ್ರ ನನಗೆ. ಪರೀಕ್ಷೆ ಮುಗಿದ ಮೇಲೆ ಮಗಳಿಗೆ ಎಲ್ಲಾ ಹೇಳು, ಸುಳ್ಳು ಹೇಳಬೇಡ ಅಂತ. ಒಂದು ವರ್ಷ ಮೂರು ತಿಂಗಳು ತಡ ಮಾಡಿದೆ.